ಅಮೆರಿಕಾ ಬಂಡಿಯ ಹಣೆ

ಆ ಬಂಡಿ ಕೊಂಡ ದಿನ ನನ್ನ ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಮರುದಿನ ಮತ್ತೆ ಮಾತಾಡಿದಳು, ಬೈಯಬೇಕಿತ್ತಲ್ಲ, ಅದಕ್ಕೆ.

"ಏನ್ರಿ, ಮಂದಿ ರಿಟೈರ್ ಆಗೋ ಹೊತ್ತಿಗೆ ಕಾಶಿಗೆ ಹೋಗ್ತಾರ. ನೀವು ತುಕ್ಕು ಹಿಡಿದ ಕಬ್ಬಿಣ ಕೊಂಡು ಬಂದೀರಿ" ಎಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ನಾನು ಕೆಲಸ ಮಾಡುವ ಮಂಡಲ ಕಂದಾಯ ಕಛೇರಿಯ ಬಾಗಿಲಿಗೆ ಅರ್ಜಿ ಹಿಡಿದು ಬಂದವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ಆ ಕಬ್ಬಿಣಕ್ಕೂ ನನಗೂ ಒಂದು ಹಳೆಯ ಸಂಬಂಧವಿತ್ತು, ಅದನ್ನು ಆಕೆಗೆ ಹೇಳಿರಲಿಲ್ಲ.

ಬಂಡಿ ಎಂದರೆ ಎತ್ತಿನ ಬಂಡಿಯಲ್ಲ. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಮಿಲಿಟರಿ ಟ್ರಕ್ಕು. ತೆಲುಗು ಸೀಮೆಯೊಳಗಿನ ದೇವನಕೊಂಡ ಕಡೆಯ ನಮ್ಮೂರಿನ ಸಾಹುಕಾರರು ಅದನ್ನು ಯಾವುದೋ ಕಾಲದಲ್ಲಿ ಹರಾಜಿನಲ್ಲಿ ಹಿಡಿದು ತಂದಿದ್ದರು. ಸ್ಟೀರಿಂಗು ಎಡಗಡೆ. ಮೂತಿ ದಪ್ಪ, ಬಾಗಿಲುಗಳಿಲ್ಲ, ನಾಲ್ಕು ಗಾಲಿಗಳೂ ಎಳೆಯುತ್ತವೆ. ನಮ್ಮ ಎರೆಭೂಮಿಗೆ ಒಂದು ಮಳೆ ಬಿದ್ದರೆ ಸಾಕು, ಕಾಲಿಟ್ಟವರ ಚಪ್ಪಲಿ ಕಿತ್ತುಕೊಳ್ಳುತ್ತದೆ. ಬೇರೆ ಗಾಡಿಗಳು ಹೂತುಕೊಂಡು ಕೂತಾಗ ಇದೊಂದೇ ಗುರ್ರೆನ್ನುತ್ತ ಹತ್ತಿ ಚೀಲ ಹೊತ್ತು ಹೊರಟುಬಿಡುತ್ತಿತ್ತು. ಮದುಮಗಳು, ಬಸುರಿ, ಹಾವು ಕಚ್ಚಿದವನು, ಎಲ್ಲರೂ ಅದರಲ್ಲೇ ಊರು ದಾಟಿದವರು. ಅದರ ಹುಟ್ಟು ಎಂಜಿನ್ನು ಎಂದೋ ಸತ್ತು ಅದರ ಜಾಗದಲ್ಲಿ ಡೀಸೆಲ್ ಎಂಜಿನ್ನು ಬಂದು ಕೂತಿತ್ತು. ಆದರೂ ಊರವರ ಬಾಯಲ್ಲಿ ಅದು ಅಮೆರಿಕಾ ಬಂಡಿಯೇ ಆಗಿತ್ತು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಸಾಹುಕಾರರ ಮಗ ಹಳೆಯ ಶೆಡ್ಡು ಕೆಡವಿಸುತ್ತಿದ್ದ. ಸಾಹುಕಾರರು ಹೋಗಿ ಬಹಳ ವರ್ಷವಾಗಿದೆ. ಮಗ ಆದೋನಿಯಲ್ಲಿ ಹತ್ತಿ ವ್ಯಾಪಾರಿ, ನನ್ನ ವಾರಿಗೆಯವನು. ಶೆಡ್ಡಿನ ಮೂಲೆಯಲ್ಲಿ ಬಂಡಿ ಕೂತಿತ್ತು. ಟೈರುಗಳು ನೆಲಕ್ಕಂಟಿ ಸೀಳಿದ್ದವು, ಸೀಟಿನ ಗುಂಡಿಯಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು.

"ಇದನ್ನ ಏನ್ ಮಾಡ್ತಿ?" ಎಂದು ಕೇಳಿದೆ.

"ಏನ್ ಮಾಡೋದೈತಿ? ಗುಜರಿಯವ್ರು ಬರ್ತಾರ. ಗ್ಯಾಸ್ ಕಟರ್ ಹಚ್ಚಿ ತುಂಡು ತುಂಡು ಮಾಡಿ ಒಯ್ತಾರ."

"ನನಗ ಕೊಡು" ಎಂಬ ಮಾತು ನನ್ನ ಬಾಯಿಂದ ಹೇಗೆ ಹೊರಬಿತ್ತೋ ದೇವರೇ ಬಲ್ಲ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕೊಡುತ್ತೇನೆ ಎಂದ. ಆದರೆ ವ್ಯಾಪಾರಿಯಲ್ಲವೇ, ಒಂದು ಷರತ್ತು ಹಾಕಿದ.

"ನೋಡಪ, ಇದರ ಆರ್‌ಸಿ ಬುಕ್ಕು ಇನ್ನೂ ನಮ್ಮಪ್ಪನ ಹೆಸರಲೇ ಐತಿ. ನಾಳೆ ನೀ ಯಾರಿಗರ ಗುದ್ದಿದ್ರ ಪೊಲೀಸರು ನಮ್ಮ ಮನಿಗೆ ಬರ್ತಾರ. ದಸರಾದೊಳಗ ಪೇಪರು ನಿನ್ನ ಹೆಸರಿಗೆ ಮಾಡ್ಕೊ. ಆಗಲಿಲ್ಲಂದ್ರ ವಾಪಸ್ ಕೊಡು, ಗುಜರಿಗೇ ಹೋಗ್ಲಿ."

ಪೇಪರು! ಮೂವತ್ತು ವರ್ಷ ಕಾಗದದ ನಡುವೆಯೇ ಬದುಕಿದವನಿಗೆ ಪೇಪರಿನ ಭಯವೇ? ಹೂಂ ಎಂದುಬಿಟ್ಟೆ.

ಆದೋನಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಹಳೆಯ ಗಾಡಿ ಎಂದರೆ ಊಟ ಬಿಡುವವನು. ಲಾರಿಯ ಮೇಲಿಂದ ಬಂಡಿ ಇಳಿಸಿದಾಗ ಅದರ ಸುತ್ತ ಎರಡು ಸುತ್ತು ಹಾಕಿ, "ಯಾ ಅಲ್ಲಾ! ಇದು ಗಾಡಿ ಅಲ್ಲ ಸಾಬ್, ಪೈಲ್ವಾನ್ ಐತಿ. ಊಟ ಇಲ್ಲದ ಮಲಗ್ಯಾನ, ಅಷ್ಟೇ" ಎಂದ. ಆ ಮಾತಿಗೇ ನಾನು ಸೋತೆ. ಬ್ರೇಕು ಬಿಚ್ಚಿದ, ಗೇರುಪೆಟ್ಟಿಗೆ ಬಿಚ್ಚಿದ. ಎಲ್ಲೂ ಸಿಗದ ಭಾಗಗಳನ್ನು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗಳ ಕೆಲಸ ಮಾಡುವ ಲೇತಿನವನ ಹತ್ತಿರ ಕಡೆಸಿದ. ಸಂಜೆ ಕಛೇರಿಯಿಂದ ನೇರ ಗ್ಯಾರೇಜಿಗೆ ಹೋಗಿ ನಾನೂ ಉಜ್ಜುತ್ತಿದ್ದೆ. ಬಾನೆಟ್ಟಿನ ಹಸಿರು ಬಣ್ಣದ ಐದಾರು ಪದರ ಕೆರೆದಾಗ ಒಂದು ದಿನ ಅಡಿಯಲ್ಲಿ ಅಮೆರಿಕದ ಸೈನ್ಯದ ಬಿಳಿ ನಕ್ಷತ್ರ ಕಾಣಿಸಿತು. ಅವತ್ತು ಮನೆಗೆ ಮೈಸೂರುಪಾಕು ಒಯ್ದೆ. ಹೆಂಡತಿ ತಿಂದಳು, ಆದರೆ ಯಾಕೆಂದು ಕೇಳಲಿಲ್ಲ.

ಮೊದಲು ಓಡಲಿ, ಪೇಪರು ನನ್ನ ಎಡಗೈ ಕೆಲಸ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದೆ. ದಸರಾಕ್ಕೆ ಎರಡು ವಾರ ಇರುವಾಗ ಸಾರಿಗೆ ಕಛೇರಿಗೆ ಹೋದೆ. ಅಲ್ಲಿದ್ದ ಕ್ಲಾರ್ಕ್ ಹುಡುಗಿ ಬುಕ್ಕು ತಿರುವಿ ನೋಡಿ ತೆಲುಗಿನಲ್ಲಿ ಮೆತ್ತಗೆ ಕೇಳಿದಳು, "ಚಾಸಿ ನಂಬರ್ ಪೆನ್ಸಿಲ್ ಪ್ರಿಂಟ್ ಏದಿ ಸಾರ್?" ಬಂಡಿಯ ಅಡಿಗಟ್ಟಾದ ಚಾಸಿಯ ಕಬ್ಬಿಣದ ಮೇಲೆ ಕೊರೆದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತರಬೇಕು, ಅದು ಬುಕ್ಕಿನ ನಂಬರಿಗೆ ಕೂಡಬೇಕು. ಎಂಜಿನ್ನು ಬೇರೆಯದಾದ್ದರಿಂದ ಈ ಬಂಡಿ ಅದೇ ಬಂಡಿ ಎನ್ನಲು ಇದ್ದ ಸಾಕ್ಷಿ ಅದೊಂದೇ.

"ಹಳೇ ಗಾಡಿಯಮ್ಮಾ, ಅಳಿಸಿ ಹೋಗಿರಬಹುದು" ಎಂದೆ.

"ನಂಬರ್ ಲೇಕಪೋತೇ ಬಂಡೀ ಲೇನಟ್ಟೇ ಸಾರ್" ಎಂದಳು. ನಂಬರ್ ಇಲ್ಲದಿದ್ದರೆ ಬಂಡಿಯೇ ಇಲ್ಲದ ಹಾಗೆ.

ಸರ್ವೆ ನಂಬರ್ ಕೂಡುತ್ತಿಲ್ಲ, ಹೋಗ್ರಿ, ಸರಿ ಮಾಡ್ಕೊಂಡು ಬರ್ರಿ ಎಂದು ನಾನು ಎಷ್ಟು ಜನರನ್ನು ಬಿಸಿಲಲ್ಲಿ ವಾಪಸ್ಸು ಕಳಿಸಿದ್ದೇನೋ. ನಾನು ಗುಡುಗುತ್ತಿದ್ದೆ, ಈ ಹುಡುಗಿ ನಗುತ್ತ ಹೇಳಿದಳು, ಅಷ್ಟೇ ವ್ಯತ್ಯಾಸ. ಬುಕ್ಕು ಎತ್ತಿಕೊಂಡು ಹೊರಗೆ ಬಂದೆ.

ಮೂರು ದಿನ ಹುಡುಕಿದೆವು. ಸ್ಟೀರಿಂಗಿನ ಮುಂದೆ ಇರಬೇಕಾದ ನಂಬರಿನ ಹಿತ್ತಾಳೆ ತಗಡನ್ನು ಯಾರೋ ಕಿತ್ತುಕೊಂಡು ಹೋಗಿದ್ದರು, ನಾಲ್ಕು ತೂತುಗಳು ಮಾತ್ರ ಉಳಿದಿದ್ದವು. ಚಾಸಿಯ ತುಂಬ ತುಕ್ಕು ಹಿಡಿದು ಸಿಪ್ಪೆ ಏಳುತ್ತಿತ್ತು. ಎಡಗಡೆ ಮುಂದಿನ ಗಾಲಿಯ ಹಿಂದೆ ಒಂದು ಕರೀ ಗಂಟು ಇತ್ತು, ಅಂಗೈಯಗಲ, ಕಲ್ಲಿನಷ್ಟು ಗಟ್ಟಿ. ಮೆಕ್ಯಾನಿಕ್ ಅದನ್ನು ಸುತ್ತಿಗೆಯಿಂದ ತಟ್ಟಿ, "ಹಳೇ ವೆಲ್ಡಿಂಗ್ ಪ್ಯಾಚು ಸಾಬ್" ಎಂದು ಮುಂದೆ ಹೋದ. ನಾನು ಅವನನ್ನು ಬೈದೆ, ಸಾಹುಕಾರರನ್ನು ಬೈದೆ, ಅಮೆರಿಕವನ್ನೂ ಬೈದೆ. ಅವನು ಬೀಡಿ ಹಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

"ಸಾಬ್, ಇದನ್ನ ಬಹಳ ವರ್ಷ ಓಡಿಸಿದ ಡ್ರೈವರ್ ಯಾರು? ಅಂವಗ ಗೊತ್ತಿರ್ತೈತಿ, ಕೇಳ್ರಿ" ಎಂದ.

ನಾನು ಕೈಯೊರೆಸಿಕೊಂಡು ಮನೆಯ ದಾರಿ ಹಿಡಿದೆ.

ಆ ಡ್ರೈವರ್ ಯಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಆತನನ್ನು ಮಾವ ಎನ್ನುತ್ತಿದ್ದೆ, ಆತ ನನ್ನನ್ನು ಅಳಿಯ ಎನ್ನುತ್ತಿದ್ದ. ರಕ್ತಸಂಬಂಧವೇನಿಲ್ಲ, ಊರಿನ ವಾಡಿಕೆ. ನಮ್ಮಪ್ಪ ಸಾಹುಕಾರರ ಹೊಲಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಕಾಲೇಜಿಗೆ ರಜೆ ಬಿಟ್ಟರೆ ನಾನು ಬಂಡಿಯಲ್ಲಿ ಮಾವನ ಪಕ್ಕದಲ್ಲೇ ಇರುತ್ತಿದ್ದೆ. ಓಡಿಸಲು ಕೊಡು ಎಂದು ಎಷ್ಟು ಗೋಗರೆದರೂ ಕೊಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷದವನಿದ್ದಾಗ, ಶ್ರಾವಣದ ಒಂದು ಮಧ್ಯಾಹ್ನ ಆತ ಊಟಕ್ಕೆ ಮನೆಗೆ ಹೋದದ್ದನ್ನು ನೋಡಿ ಬಂಡಿ ಹತ್ತಿದೆ. ಊರ ಹಳ್ಳದವರೆಗೆ ಚೆನ್ನಾಗಿಯೇ ಓಡಿಸಿದೆ. ಹಳ್ಳಕ್ಕೆ ಇಳಿಸಿದೆ. ಮುಂದಿನ ಗಾಲಿಗಳಿಗೂ ಎಳೆತ ಕೊಡಲು ಬೇರೆ ಲಿವರ್ ಇದೆ, ಅದನ್ನು ಹಾಕಬೇಕು ಎಂಬುದೇ ನನಗೆ ತಿಳಿದಿರಲಿಲ್ಲ. ನಡುನೀರಿನಲ್ಲಿ ಹಿಂದಿನ ಗಾಲಿಗಳು ಗಿರ್ರೆಂದು ತಿರುಗಿ ಹೂತವು. ಮೇಲುಗಡೆ ಎಲ್ಲೋ ಮಳೆಯಾಗಿತ್ತು, ನೀರು ಏರತೊಡಗಿತು. ಇಳಿದು ಜೋಳದ ಹೊಲದೊಳಗೆ ಓಡಿಹೋದೆ.

ಬಂಡಿಯ ಎಂಜಿನ್ನಿಗೆ ನೀರು ಹೊಕ್ಕಿತು. ಸಂಜೆ ಸಾಹುಕಾರರು ಚಾವಡಿಯಲ್ಲಿ ಎಲ್ಲರ ಮುಂದೆ ಕೂಗಾಡಿದಾಗ ಮಾವ "ನಾನೇ ಇಳಿಸಿದ್ದೆ" ಎಂದ. ಯಾಕೆ ಹಾಗೆಂದನೋ ನನಗೆ ಅರ್ಥವಾಗಲಿಲ್ಲ. "ಕುಡುದು ಇಳಿಸ್ಯಾನ ಬಾಡ್ಯಾ" ಎಂದು ಸಾಹುಕಾರರು ಕೆಲಸದಿಂದ ತೆಗೆದರು. ನಾನು ಕಂಬದ ಹಿಂದೆ ನಿಂತಿದ್ದೆ, ನನ್ನ ಬಾಯಿ ಬಿಚ್ಚಲಿಲ್ಲ. ಮರುದಿನ ಬೆಳಗ್ಗೆ ಆತನೂ ಆತನ ಹೆಂಡತಿಯೂ ಟ್ರಂಕು ಹೊತ್ತುಕೊಂಡು, ಅದೇ ಹಳ್ಳ ದಾಟಿ, ನಡೆದು ಹೋದರು. ಆಕೆಗೆ ಆಗ ಆರು ತಿಂಗಳು.

ಆತ ಎಲ್ಲಿದ್ದಾನೆಂಬುದೂ ನನಗೆ ಗೊತ್ತಿತ್ತು. ಗೋನೆಗಂಡ್ಲದಲ್ಲಿ, ನನ್ನ ಹೆಂಡತಿಯ ತವರಿನ ಹಿಂದಿನ ಓಣಿಯಲ್ಲಿ. ಮದುವೆಯಾದ ಹೊಸದರಲ್ಲಿ ಒಮ್ಮೆ ದೂರದಿಂದ ನೋಡಿ, ಅಂದಿನಿಂದ ಆ ಓಣಿ ತುಳಿದಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಆಕೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಇಟ್ಟುಬಿಟ್ಟಳು.

"ಮೂವತ್ತೇಳು ವರ್ಷ! ಅದಕ್ಕೇನು ನೀವು ನಮ್ಮೂರಿಗೆ ಬಂದ್ರ ಬಸ್‌ಸ್ಟ್ಯಾಂಡಿಂದ ಸುತ್ತು ಹಾಕ್ಕೊಂಡು ಬರೋದು? ನಾನೇನೋ ನಡಿಗಿ ಮೈಗೆ ಚಲೋ ಅಂತ ಬರ್ತೀರಿ ಅಂದ್ಕೊಂಡಿದ್ದೆ. ಥೂ ನಿಮ್ಮ! ನಾಳೆ ಆಯಿತವಾರ, ಹೋಗ್ರಿ. ನಂಬರ್ ಸಲುವಾಗಿ ಅಲ್ಲ, ಮೊದಲು ಇದಕ್ಕ ಹೋಗ್ರಿ."

ಹೋದೆ. ಮಾವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ತೆಲುಗು ಪೇಪರು ಓದುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಟ್ಟೆಯ ಮುಂದೆ ಹೋಗಿ ನಿಂತೆ. ಆತ ಕನ್ನಡಕದ ಮೇಲಿನಿಂದ ನೋಡಿದ.

"ಓಹೋ, ಆಫೀಸರ್ ಅಳಿಯ! ಬಾರಪ ಬಾ. ಈ ಓಣಿ ದಾರಿ ನಿನಗ ಮರತೇ ಹೋಗೇತಿ ಅಂತ ಮಾಡಿದ್ದೆ."

ಶೆಡ್ಡಿನಲ್ಲಿ ಬಿದ್ದಿದ್ದ ಬಂಡಿಯನ್ನು ನಾನೇ ಕೊಂಡಿದ್ದೇನೆಂದು ನಿಂತೇ ಹೇಳಿ, ಕೂಡಲೇ ಮುಂದಿನದನ್ನೂ ಹೇಳಿಬಿಟ್ಟೆ. "ಮಾವ, ಅವತ್ತು ಬಂಡಿ ಹಳ್ಳಕ್ಕ ಇಳಿಸಿದ್ದು ನಾನು."

"ಗೊತ್ತೈತಿ."

"ಗೊತ್ತಿತ್ತಾ?"

"ನಿನ್ನ ಎಡಗಾಲ ಚಪ್ಪಲಿ ಕ್ಲಚ್ಚಿನ ಬುಡಕ್ಕ ಸಿಕ್ಕೊಂಡಿತ್ತು. ಸಾಹುಕಾರ ನೋಡೋಕಿಂತ ಮೊದಲೇ ತಗದು ನೀರಿಗೆ ಒಗದೆ. ನಿಮ್ಮಪ್ಪ ನಾಕು ಮಕ್ಕಳು ಕಟಗೊಂಡು ಅವರ ಅನ್ನಾನೇ ತಿಂತಿದ್ದ. ನಾ ಬಾಯಿ ಬಿಟ್ಟಿದ್ರ ಆತನ ಕೆಲಸಾನೂ ಹೋಗ್ತಿತ್ತು. ನನಗೇನು, ಸ್ಟೀರಿಂಗ್ ಹಿಡಿಯೋ ಕೈ ಐತಿ, ಎಲ್ಲೆರ ಬದುಕ್ತೀನಿ ಅನ್ಕೊಂಡೆ. ಬದುಕಿದೆ. ಎರಡು ವರ್ಷ ಲಾರಿ, ಆಮೇಲೆ ರಿಟೈರ್ ಆಗೋತನಕ ಸರ್ಕಾರಿ ಬಸ್ಸು. ಆ ಬಂಡ್ಯಾಗೇ ಇದ್ದಿದ್ರ ಇವತ್ತು ಅದರ ಜೋಡಿ ನಾನೂ ಶೆಡ್ಡಿನ್ಯಾಗ ಬಿದ್ದಿರ್ತಿದ್ದೆ."

ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಐವತ್ತಾರು ವರ್ಷದ ಗಂಡಸು, ಹಾಡಹಗಲು, ಓಣಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ನೋಡಲಿ ಎನಿಸಿತು. ಅಷ್ಟು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದ ಹಾಗಾಗಿತ್ತು.

"ಒಂದೇ ಒಂದು ಐತಿ" ಎಂದ ಮಾವ. "ನಾ ಹುಟ್ಟಿದಾಗಿಂದ ಒಂದು ಹನಿ ಕುಡುದಾಂವ ಅಲ್ಲ. ಮಂದಿ ಮುಂದ ಕುಡುಕ ಅಂದ್ರಲ್ಲ, ಅದು ಇನ್ನೂ ಚುಚ್ಚತೈತಿ."

ಅಷ್ಟರಲ್ಲಿ ಆತನ ಹೆಂಡತಿ ಮಜ್ಜಿಗೆ ತಂದು ನನ್ನ ಮುಂದೆ ಕುಕ್ಕಿದಳು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಇವ್ರು ಮಾಫಿ ಮಾಡಿಬಿಡ್ತಾರ, ಇವ್ರದೇನು! ಹೊಟ್ಟಿ ಹಿಡ್ಕೊಂಡು ಟ್ರಂಕು ಹೊತ್ತು ಆ ಕೆಸರಾಗ ನಡದದ್ದು ನಾನು. ನನ್ನ ಯಾರೂ ಕೇಳಲಿಲ್ಲಲ್ಲ?"

"ಅತ್ತಿ, ಏನ್ ಮಾಡ್ಲಿ ಹೇಳು, ಮಾಡ್ತೀನಿ" ಎಂದೆ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆ ಬಂಡಿ ಇನ್ನೂ ಐತಿ ಅಂತೀಯಲ್ಲ. ಅದರಾಗ ನನ್ನ ಕುಂದ್ರಿಸಿ ಆ ಹಳ್ಳ ದಾಟಿಸು. ಆಮೇಲೆ ನೋಡೋಣಂತ."

ಈಗ ನಂಬರ್ ಸಿಗದಿದ್ದರೆ ಏನಾದೀತೆಂದು ಲೆಕ್ಕ ಹಾಕಿದೆ. ದಸರಾಕ್ಕೆ ಎಂಟು ದಿನ ಉಳಿದಿತ್ತು. ಬಂಡಿ ಗುಜರಿಗೆ ಹೋದರೆ ಈ ಮುದುಕಿಗೆ ಯಾವ ಮುಖ ತೋರಿಸಲಿ? ಮಾವನಿಗೆ ನಂಬರಿನ ಕಥೆ ಹೇಳಿದೆ. ಆತ ತೊಡೆ ತಟ್ಟಿಕೊಂಡು ನಕ್ಕ.

"ಅಯ್ಯೋ ಹುಚ್ಚಪ್ಪ! ಅದು ವಿಭೂತಿ ಒಳಗ ಐತಿ."

ಮರುದಿನ ಮಾವನನ್ನು ಆದೋನಿಗೆ ಕರೆತಂದೆ. ಗ್ಯಾರೇಜಿನಲ್ಲಿ ಆತ ಬಂಡಿಯನ್ನು ನೋಡಿ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಎಡಗಡೆ ಗಾಲಿಯ ಹಿಂದೆ ಬಗ್ಗಿ, ನಾವು ವೆಲ್ಡಿಂಗ್ ಪ್ಯಾಚು ಎಂದುಕೊಂಡಿದ್ದ ಕರೀ ಗಂಟನ್ನು ಮುಟ್ಟಿ ತೋರಿಸಿದ.

ಸಾಹುಕಾರರದು ಲಿಂಗ ಕಟ್ಟುವ ಮನೆತನ. ಮಹಾನವಮಿಗೆ ಮನೆಯ ರಾಟೆ, ಕುಡುಗೋಲು, ತಕ್ಕಡಿ ಎಲ್ಲಕ್ಕೂ ವಿಭೂತಿ ಇಡಬೇಕು. ಆದರೆ ಬಾನೆಟ್ಟಿನ ಬಣ್ಣಕ್ಕೆ ಕಲೆಯಾಗುತ್ತದೆಂದು ಅಲ್ಲಿ ಇಡಲು ಸಾಹುಕಾರರು ಬಿಡುತ್ತಿರಲಿಲ್ಲವಂತೆ. ಹಾಗಾದರೆ ಬಂಡಿಯ ಹಣೆ ಎಲ್ಲಿ? ಮಾವ ಯೋಚಿಸಿ, ಬಂಡಿಗೆ ಹೆಸರಿಲ್ಲ, ನಂಬರೇ ಅದರ ಹೆಸರು, ಹೆಸರು ಇರುವಲ್ಲೇ ಇಡೋಣ ಎಂದು ಚಾಸಿಯ ನಂಬರಿನ ಮೇಲೆ ಹರಳೆಣ್ಣೆ ಸವರಿ ಮೂರು ಬೆರಳು ವಿಭೂತಿ ಎಳೆದಿದ್ದ. ಪ್ರತಿ ವರ್ಷವೂ ಹಾಗೆಯೇ. ಆತ ಹೋದ ಮೇಲೆ ಬಂದ ಡ್ರೈವರುಗಳೂ, ಇಲ್ಲೇ ಇಡೋದು ಪದ್ಧತಿ ಎಂದು ಯಾಕೆ ಏನು ಎಂದು ಕೇಳದೆ ಅಲ್ಲೇ ಎಣ್ಣೆ, ಅಲ್ಲೇ ವಿಭೂತಿ ಮೆತ್ತುತ್ತ ಹೋದರು. ಅದರ ಮೇಲೆ ದಾರಿಯ ಧೂಳು ಕೂತು ಕಲ್ಲಾಗಿತ್ತು.

ಮೆಕ್ಯಾನಿಕ್ ಗ್ರೈಂಡರ್ ಎತ್ತಿಕೊಂಡ.

"ಏ, ಅದನ್ನ ಇಡೋ ಕೆಳಗ!" ಎಂದು ಮಾವ ಗದರಿಸಿದ. "ನಂಬರಿನ ಸಮೇತ ಹೋದೀತು. ಸೀಮೆಎಣ್ಣೆ ತಾ, ಒಂದು ಹಿಡಿ ಹತ್ತಿ ತಾ."

ಆದೋನಿಯಲ್ಲಿ ಹತ್ತಿಗೇನು ಬರವೇ? ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಗಂಟಿನ ಮೇಲೆ ಕಟ್ಟಿ ಎರಡು ತಾಸು ಕಾದೆವು. ಮೂವರೂ ಮೂರು ಸಲ ಚಹಾ ಕುಡಿದೆವು. ನನಗೆ ಒಂದು ಕಡೆ ಕೂರಲಾಗಲಿಲ್ಲ. ಆಮೇಲೆ ಮಾವ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದ. ಗಂಟು ಪದರ ಪದರವಾಗಿ ಬಿಟ್ಟುಕೊಂಡು ಬಿತ್ತು. ಅಡಿಯಲ್ಲಿ ಕಬ್ಬಿಣ ಕಪ್ಪಗೆ ಮಿಂಚುತ್ತಿತ್ತು. ಇಡೀ ಚಾಸಿ ತುಕ್ಕಿನಲ್ಲಿ ಸಿಪ್ಪೆ ಎದ್ದಿದ್ದರೂ ಅಂಗೈಯಗಲದ ಆ ಜಾಗಕ್ಕೆ ಒಂದು ಚುಕ್ಕೆ ತುಕ್ಕು ಹತ್ತಿರಲಿಲ್ಲ. ನಂಬರಿನ ಒಂದೊಂದು ಅಂಕಿಯೂ ನಿನ್ನೆ ಕೊರೆದಂತಿತ್ತು. ನಾನು ಓದುತ್ತ ಹೋದೆ, ಮೆಕ್ಯಾನಿಕ್ ಬುಕ್ಕಿನಲ್ಲಿ ಬೆರಳಿಡುತ್ತ ಹೋದ. ಕೊನೆಯ ಅಂಕಿ ಕೂಡಿದಾಗ "ಮಾಷಾ ಅಲ್ಲಾ!" ಎಂದು ಅವನು ನನ್ನನ್ನು ಅಪ್ಪಿಕೊಂಡ. ನನ್ನ ಬಿಳಿ ಅಂಗಿಯ ಬೆನ್ನ ಮೇಲೆ ಅವನ ಎರಡೂ ಕೈಯ ಗ್ರೀಸು ಮೂಡಿತ್ತು.

ಸಹಿ ಹಾಕಲು ಸಾಹುಕಾರರ ಮಗ ಗ್ಯಾರೇಜಿಗೇ ಬಂದ. ಅವನು ಪೆನ್ನು ತೆಗೆಯುವ ಮೊದಲು ಮಾವನ ಎದುರಿಗೇ ಹೇಳಿದೆ: ಹಳ್ಳಕ್ಕೆ ಇಳಿಸಿದ್ದು ನಾನು, ಈತ ಕುಡಿದಿರಲಿಲ್ಲ, ಕುಡಿಯುವವನೇ ಅಲ್ಲ. ಅವನು ಜೇಬಿಗೆ ಹಾಕಿದ್ದ ಕೈ ಹೊರಗೆ ತೆಗೆದ.

"ನಮ್ಮಪ್ಪ ಸಾಯೋತನಕ ಹೊಸಾ ಡ್ರೈವರ್ ಬಂದಾಗೆಲ್ಲ ಅದೇ ಕತಿ ಹೇಳ್ತಿದ್ದ. ಕುಡಿದ್ರ ನಿನ್ನ ಗತಿನೂ ಅಷ್ಟೇ ಅಂತ" ಎಂದ. ಆಮೇಲೆ ಮಾವನಿಗೆ ಕೈ ಮುಗಿದು, "ತಪ್ಪಾತ್ರಿ. ಊರಾಗ ನಾನೇ ಹೇಳ್ತೀನಿ" ಎಂದ. ಮಾವ ಕನ್ನಡಕ ತೆಗೆದು ಒರೆಸಿಕೊಂಡ. ನನ್ನ ಕಡೆ ಬೆರಳು ತೋರಿಸಿ, "ಮೊದಲು ಈತಗ ಲಿವರ್ ಯಾವುದು ಅಂತ ಕಲಿಸಬೇಕು" ಎಂದ.

ಪೇಪರು ಮಹಾನವಮಿಯ ಹಿಂದಿನ ದಿನ ಕೈಗೆ ಬಂತು. ಹಬ್ಬದ ದಿನ ಅದೇ ಜಾಗದಲ್ಲಿ ಹರಳೆಣ್ಣೆ ಸವರಿ, ಮೂರು ಬೆರಳು ವಿಭೂತಿ ಎಳೆದೆ. ಆಮೇಲೆ ಎಲ್ಲರೂ ಊರ ಕಡೆ ಹೊರಟೆವು. ಮಾವ ಸ್ಟೀರಿಂಗಿನಲ್ಲಿ, ಅತ್ತಿ ಪಕ್ಕದಲ್ಲಿ ಹೊಸ ಸೀರೆ ಉಟ್ಟು, ನಾನೂ ನನ್ನ ಹೆಂಡತಿಯೂ ಹಿಂದೆ ಹಲಗೆಯ ಮೇಲೆ. ಹಿಂಗಾರಿ ಮಳೆ ಎರಡು ದಿನದ ಹಿಂದೆ ಬಿದ್ದಿತ್ತು, ಹಳ್ಳದಲ್ಲಿ ಮೊಣಕಾಲು ಮಟ್ಟ ನೀರು. ಬಂಡಿ ಸಲೀಸಾಗಿ ಇಳಿಯಿತು. ನಡುನೀರಿಗೆ ಬರುತ್ತಲೇ ಅತ್ತಿ ಕೈ ಎತ್ತಿದಳು.

"ನಿಲ್ಸ್ರಿ. ಆ ಆಫೀಸರನ್ನ ಇಳಿಸ್ರಿ."

ಮಾವ ನಿಲ್ಲಿಸಿದ. ಗಾಲಿಗಳು ಮೆಲ್ಲಗೆ ಕೆಸರಿನಲ್ಲಿ ಕೂತವು. ನಾನು ಪ್ಯಾಂಟು ಮಡಚಿ ನೀರಿಗಿಳಿದೆ.

"ಅವತ್ತು ತಳ್ಳೋದು ಬಿಟ್ಟು ಓಡಿ ಹೋದಿ. ಈಗ ತಳ್ಳು" ಎಂದಳು.

ಬೆನ್ನು ಕೊಟ್ಟು ತಳ್ಳಿದೆ. ಹಿಂದಿನ ಗಾಲಿ ತಿರುಗಿ ಮುಖದ ತುಂಬ ಕೆಸರು ಸಿಡಿಯಿತು. ಬಂಡಿ ಒಂದಿಂಚೂ ಅಲುಗಲಿಲ್ಲ. ನನ್ನ ಹೆಂಡತಿ ಮೇಲಿಂದ "ಇನ್ನಾ ಜೋರಾಗಿ ತಳ್ರಿ!" ಎಂದು ಕೂಗುತ್ತಿದ್ದಳು, ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ. ನಾನು ಏದುಸಿರು ಬಿಡುವಷ್ಟು ಹೊತ್ತು ನೋಡಿ, ಮಾವ ಮುಂದಿನ ಗಾಲಿಗಳ ಲಿವರನ್ನು ಖಟಕ್ಕೆಂದು ಹಾಕಿದ. ಬಂಡಿ ಗುರ್ರೆಂದು ದಡ ಹತ್ತಿತು. ನಾನು ನೀರಿನಲ್ಲೇ ಬಿದ್ದೆ. ಎದ್ದು ಕುಂಟುತ್ತ ದಡಕ್ಕೆ ಬಂದಾಗ ಅತ್ತಿ ಬಂಡಿಯ ಮೇಲಿಂದ ಬಗ್ಗಿ ನನ್ನ ಕಾಲು ನೋಡಿದಳು. ಎಡಗಾಲ ಚಪ್ಪಲಿ ಕೆಸರಿನಲ್ಲೇ ಉಳಿದಿತ್ತು.

"ಹೋತಾ ಮತ್ತ?" ಎಂದಳು. ಆಮೇಲೆ ನನ್ನತ್ತ ಕೈ ಚಾಚಿದಳು. "ಹೋಗ್ಲಿ ಬಿಡು. ಈ ಸಲ ಓಡಿ ಹೋಗಲಿಲ್ಲಲ್ಲ. ಬಾ, ಹತ್ತು."